ಒಂಟಿತನದ ಜಮಾಖರ್ಚು

(ಸಂಘದ ಉಪನ್ಯಾಸಮಾಲೆಯಲ್ಲಿ ಮುಂಬಯಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಆಧುನಿಕ ಬದುಕಿನ ಒಂಟಿತನವನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ಈ ವಿಷಯಕ್ಕೆ ಕವಿಗಳೋ ಮನೋವೈದ್ಯರೋ ಹೆಚ್ಚು ಯೋಗ್ಯರಲ್ಲವೆ ಎಂದು ನಾನು ಮರುಪ್ರಶ್ನೆ ಹಾಕಿದ್ದೆ. ನಾನು ಬ್ಯಾಂಕಿನ ಕೌಂಟರಿನಲ್ಲಿಯೂ ಸಾಲದ ವಿಭಾಗದಲ್ಲಿಯೂ ಆಯುಷ್ಯದ ಬಹುಭಾಗವನ್ನು ಕಳೆದವನು. ಕವಿಗಳು ಹೇಳುವುದನ್ನು ಕೇಳಿಯಾಗಿದೆ, ಬ್ಯಾಂಕಿನವರು ಹೇಳುವುದನ್ನೂ ಒಮ್ಮೆ ಕೇಳೋಣ ಎಂದರು ಅವರು. ಆದ್ದರಿಂದ ಒಂಟಿತನದ ವೇದನೆಯನ್ನು ವರ್ಣಿಸುವ ಗೋಜಿಗೆ ನಾನು ಹೋಗುವುದಿಲ್ಲ. ಅದಕ್ಕೊಂದು ಖರ್ಚು ಇದೆ, ಆ ಖರ್ಚನ್ನು ಯಾರೋ ಒಬ್ಬರು ಭರಿಸುತ್ತಿದ್ದಾರೆ, ಬಹಳ ಸಲ ಭರಿಸಲಾರದವರೇ ಭರಿಸುತ್ತಿದ್ದಾರೆ. ಇಷ್ಟನ್ನು ತಮ್ಮ ಮುಂದೆ ಇಡುವುದು ನನ್ನ ಉದ್ದೇಶ.

ಮೊದಲು ಒಂದು ಮಾತಿನ ವಿವೇಚನೆ. ನಮ್ಮ ಭಾಷೆಯಲ್ಲಿ ಏಕಾಂತ ಬೇರೆ, ಒಂಟಿತನ ಬೇರೆ. ಏಕಾಂತವನ್ನು ನಾವು ಅರಸಿಕೊಂಡು ಹೋಗುತ್ತೇವೆ. ಸಾಧಕರಿಗೆ, ಬರೆಯುವವರಿಗೆ, ಸಂಜೆ ಚೌಪಾಟಿಯ ಮರಳಿನ ಮೇಲೆ ಸುಮ್ಮನೆ ಕುಳಿತವರಿಗೆ ಅದು ಬೇಕಾದದ್ದು. ಲೋಕಾಂತವಿದ್ದವನಿಗೆ ಮಾತ್ರ ಏಕಾಂತ ಸುಖ ಕೊಡುತ್ತದೆ, ಏಕೆಂದರೆ ಅವನಿಗೆ ಹಿಂತಿರುಗಿ ಬರಲು ಒಂದು ಮನೆ ಉಂಟು. ಒಂಟಿತನವಾದರೋ ಬೇಡವೆಂದರೂ ಮೈಮೇಲೆ ಬೀಳುವುದು. ಹಿಂಡಿನಿಂದ ಬೇರೆಯಾದ ಆನೆಯನ್ನು ನಮ್ಮ ಜನ ಒಂಟಿಸಲಗ ಎನ್ನುತ್ತಾರೆ; ಆ ಹೆಸರಿನಲ್ಲಿ ಕನಿಕರಕ್ಕಿಂತ ಭಯವೇ ಹೆಚ್ಚು. ಒಂಟಿಯಾದವನು ತನಗೆ ಮಾತ್ರವಲ್ಲ, ಊರಿಗೂ ಒಂದು ಸಮಸ್ಯೆ ಎಂಬ ತಿಳಿವಳಿಕೆ ಆ ಒಂದು ಶಬ್ದದಲ್ಲಿ ಅಡಗಿದೆ.

ಸರಕಾರಗಳಿಗೆ ಈ ತಿಳಿವಳಿಕೆ ಬಂದದ್ದು ತೀರ ಈಚೆಗೆ. 2018ರ ಜನವರಿಯಲ್ಲಿ ಬ್ರಿಟನ್ ಒಂಟಿತನದ ಹೊಣೆಯನ್ನು ಒಬ್ಬ ಮಂತ್ರಿಗೆ ವಹಿಸಿತು. 2021ರಲ್ಲಿ ಜಪಾನ್ ಅದೇ ಹಾದಿ ಹಿಡಿಯಿತು. ಜಪಾನಿನಲ್ಲಿ ಯಾರ ಗಮನಕ್ಕೂ ಬಾರದೆ ಮನೆಯಲ್ಲಿಯೇ ಒಂಟಿಯಾಗಿ ಸಾಯುವುದಕ್ಕೆ ‘ಕೊದೊಕುಶಿ’ ಎಂಬ ಪ್ರತ್ಯೇಕ ಶಬ್ದವೇ ಹುಟ್ಟಿಕೊಂಡಿದೆ. ಮನೆಯಲ್ಲಿ ಒಬ್ಬರೇ ಇದ್ದಾಗ ಸತ್ತವರ ಲೆಕ್ಕವನ್ನು ಅಲ್ಲಿನ ಪೊಲೀಸ್ ಇಲಾಖೆ ಇಟ್ಟಿದ್ದು, 2024ರಲ್ಲಿ ಅಂಥವರ ಸಂಖ್ಯೆ 76 ಸಾವಿರವನ್ನು ಮೀರಿತ್ತು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ 65 ದಾಟಿದವರು.

ಅಮೆರಿಕದಲ್ಲಿ ಈ ಮಾತನ್ನು ಗಟ್ಟಿಯಾಗಿ ಎತ್ತಿದವರು ಮಂಡ್ಯ ಜಿಲ್ಲೆಯ ಹಲ್ಲೇಗೆರೆಯ ಮೂಲದವರು ಎಂಬುದನ್ನು ಕೇಳಿ ತಮಗೆ ಸಂತೋಷವಾಗಬಹುದು. ಆ ದೇಶದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿಯವರು 2023ರ ಮೇ ತಿಂಗಳಲ್ಲಿ ಒಂಟಿತನವನ್ನು ಸಾಂಕ್ರಾಮಿಕವೆಂದು ಕರೆದು ಒಂದು ಎಚ್ಚರಿಕೆಯ ಪತ್ರ ಹೊರಡಿಸಿದರು. ಸಾಮಾಜಿಕ ಸಂಬಂಧಗಳು ದುರ್ಬಲವಾದವರಲ್ಲಿ ಹೃದ್ರೋಗದ ಅಪಾಯ ನೂರಕ್ಕೆ 29ರಷ್ಟು, ಪಾರ್ಶ್ವವಾಯುವಿನ ಅಪಾಯ ನೂರಕ್ಕೆ 32ರಷ್ಟು ಹೆಚ್ಚು ಎಂದು ಅದರಲ್ಲಿದೆ. ದಿನಕ್ಕೆ 15 ಸಿಗರೇಟು ಸೇದುವುದಕ್ಕೆ ಸಮಾನವೆಂಬ ಹೋಲಿಕೆ ಪತ್ರಿಕೆಗಳಲ್ಲಿ ಪ್ರಸಿದ್ಧವಾಯಿತು. ನನ್ನ ಗಮನ ಸೆಳೆದದ್ದು ಬೇರೆಯೇ ಎರಡು ಅಂಕೆಗಳು. ಒಂಟಿತನಕ್ಕೆ ಸಂಬಂಧಿಸಿದ ಗೈರುಹಾಜರಿಯಿಂದ ಅಲ್ಲಿನ ಮಾಲೀಕರಿಗೆ ವರ್ಷಕ್ಕೆ ಸುಮಾರು 154 ಶತಕೋಟಿ ಡಾಲರು ನಷ್ಟ. ಜನಸಂಪರ್ಕವಿಲ್ಲದ ವೃದ್ಧರಿಗಾಗಿ ಸರಕಾರದ ವೈದ್ಯಕೀಯ ವಿಮೆಗೆ ಬೀಳುವ ಹೆಚ್ಚುವರಿ ಖರ್ಚು 6.7 ಶತಕೋಟಿ ಡಾಲರು. ಮಾಲೀಕನಿಗೆ ನಷ್ಟವಾದಾಗ ಮಾತ್ರ ಮನುಷ್ಯನ ದುಃಖ ಲೆಕ್ಕಕ್ಕೆ ಬರುತ್ತದೆಯೆ ಎಂದು ತಾವು ಕೇಳಬಹುದು. ಬರುತ್ತದೆ, ಲೋಕದ ರೀತಿಯೇ ಹಾಗೆ.

ಇದು ಶ್ರೀಮಂತ ದೇಶಗಳ ರೋಗ, ಕೂಡು ಕುಟುಂಬದ ನಾಡಿನವರಾದ ನಮಗೇಕೆ ಎಂಬ ಒಂದು ಸಮಾಧಾನ ನಮ್ಮಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಪ್ರಕಟಿಸಿದ ವರದಿ ಈ ಸಮಾಧಾನವನ್ನು ಕಸಿದುಕೊಂಡಿದೆ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ಬಡ ರಾಷ್ಟ್ರಗಳಲ್ಲಿ ಈ ಪ್ರಮಾಣ ನೂರಕ್ಕೆ 24, ಶ್ರೀಮಂತ ರಾಷ್ಟ್ರಗಳಲ್ಲಿ 11. ಬಡವನಿಗೆ ಸುತ್ತಲೂ ಜನರಿರಬಹುದು, ಆದರೆ ಕೂತು ಮಾತನಾಡುವ ಪುರುಸೊತ್ತು, ಹೋಗಿಬರುವ ಬಸ್ಸಿನ ದುಡ್ಡು, ಇನ್ನೊಬ್ಬರನ್ನು ಮನೆಗೆ ಕರೆಯುವಷ್ಟು ಜಾಗ ಇವು ಇರುವುದಿಲ್ಲ. ಗುಂಪಿನೊಳಗಿನ ಒಂಟಿತನವನ್ನು ಮುಂಬಯಿಯವರಾದ ನಮಗೆ ಬೇರೆಯವರು ವಿವರಿಸಬೇಕಾಗಿಲ್ಲ. ಯಶವಂತ ಚಿತ್ತಾಲರು 1979ರ ತಮ್ಮ ‘ಶಿಕಾರಿ’ಯಲ್ಲಿ ನೌಕರಿಯಿಂದ ಅಮಾನತುಗೊಂಡ ಒಬ್ಬ ಅಧಿಕಾರಿಯನ್ನು ಕಥಾನಾಯಕನನ್ನಾಗಿ ಮಾಡಿದರು. ಉದ್ಯೋಗಕ್ಕೆ ಕುತ್ತು ಬಂದ ಗಳಿಗೆಯಲ್ಲಿಯೇ ತನ್ನವರೆಂಬವರು ಯಾರೂ ಇಲ್ಲವೆಂಬುದು ಅವನಿಗೆ ತಿಳಿಯುತ್ತದೆ. ಅರ್ಥಶಾಸ್ತ್ರದವರು ಈ ಸಂಬಂಧವನ್ನು ಗಮನಿಸುವ ಎಷ್ಟೋ ಮುಂಚೆ ನಮ್ಮ ಕಾದಂಬರಿಕಾರರು ಗಮನಿಸಿದ್ದರು.

ಈಗ ನನ್ನ ಕಸುಬಿಗೆ ಬರುತ್ತೇನೆ. ಸಾಲದ ಅರ್ಜಿಯಲ್ಲಿ ಜಾಮೀನುದಾರರ ಹೆಸರಿಗೆಂದು ಒಂದು ಜಾಗವಿರುತ್ತಿತ್ತು. ಅದನ್ನು ನಾನು ಬಹಳ ಕಾಲ ಕೇವಲ ಒಂದು ಕಾನೂನಿನ ಅಗತ್ಯವೆಂದೇ ನೋಡುತ್ತಿದ್ದೆ. ನಂತರ ಅದು ಒಬ್ಬ ಮನುಷ್ಯನ ಬದುಕಿನ ಎಕ್ಸ್-ರೇ ಎಂದು ಕಾಣತೊಡಗಿತು. ಒಬ್ಬ ದರ್ಜಿ, ಎರಡು ಹೊಲಿಗೆ ಯಂತ್ರಕ್ಕೆ ಸಾಲ ಬೇಕು. ಕೆಲಸಗಾರ, ಕುಡಿತವಿಲ್ಲ, ಲೆಕ್ಕ ಚೊಕ್ಕ. ಜಾಮೀನಿಗೆ ಯಾರೆಂದರೆ ಮೇಜಿನ ಮೇಲಿನ ಗಾಜನ್ನೇ ನೋಡುತ್ತ ಕುಳಿತ. ಹದಿನಾಲ್ಕು ವರ್ಷ ಒಂದೇ ಉಪನಗರದಲ್ಲಿ ಇದ್ದವನಿಗೆ ತನ್ನ ಪರವಾಗಿ ಒಂದು ಸಹಿ ಹಾಕಬಲ್ಲ ಇಬ್ಬರು ಇರಲಿಲ್ಲ. ಅದೇ ವಾರ ಊರಿನಿಂದ ಬಂದು ಎರಡು ವರ್ಷವೂ ತುಂಬದ ಒಬ್ಬ ಹುಡುಗ ಐದು ಜನರನ್ನು ಕರೆದುಕೊಂಡು ಬಂದು, ಇವರಲ್ಲಿ ಯಾರು ಬೇಕೋ ಆರಿಸಿಕೊಳ್ಳಿ ಸರ್ ಎಂದ. ಅವನ ಹಿಂದೆ ಒಂದು ಸಂಘ ಇತ್ತು, ಒಂದು ಚೀಟಿ ಇತ್ತು, ಒಂದು ಯಕ್ಷಗಾನದ ಮೇಳ ಇತ್ತು. ಇಬ್ಬರ ಆದಾಯದಲ್ಲಿ ಹೆಚ್ಚು ಅಂತರವಿರಲಿಲ್ಲ.

ಹೊರನಾಡ ಕನ್ನಡಿಗರ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಭಾಷಾಭಿಮಾನದ ಚರಿತ್ರೆಯಾಗಿ ಹೇಳಿಕೊಳ್ಳುತ್ತೇವೆ. ಅದು ಒಂಟಿತನದ ಖರ್ಚನ್ನು ಹಂಚಿಕೊಂಡವರ ಚರಿತ್ರೆಯೂ ಹೌದು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಶನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಈ ನಗರದಲ್ಲಿ ಹುಟ್ಟಿಕೊಂಡವು. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದ ಹುಡುಗ ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಬೆಂಚಿನ ಮೇಲೆ ಕುಳಿತದ್ದು ಅಕ್ಷರಕ್ಕಾಗಿ ಮಾತ್ರವಲ್ಲ. ಯಾವ ಕಚೇರಿಯಲ್ಲಿ ಜವಾನನ ಕೆಲಸ ಖಾಲಿ ಇದೆ, ಯಾವ ಧಣಿ ಸಂಬಳ ಹಿಡಿಯುತ್ತಾನೆ, ಜ್ವರ ಬಂದರೆ ಯಾವ ವೈದ್ಯರು ದುಡ್ಡು ಕೇಳುವುದಿಲ್ಲ, ಇದೆಲ್ಲ ಆ ಬೆಂಚಿನ ಮೇಲೆ ಸಿಗುತ್ತಿತ್ತು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಜನರಿಗೆ ಕೆಲಸದ ಸುದ್ದಿ ಸಿಗುವುದು ಆಪ್ತಮಿತ್ರರಿಂದ ಅಲ್ಲ, ಅಪರೂಪಕ್ಕೆ ಕಾಣುವ ಪರಿಚಿತರಿಂದ ಎಂದು ತೋರಿಸಿದರು. ಆಪ್ತನಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದ ಪರಿಚಿತನಿಗೆ ಬೇರೊಂದು ಓಣಿಯ ಸುದ್ದಿ ಗೊತ್ತಿರುತ್ತದೆ. ರಾತ್ರಿಶಾಲೆ ಅಂಥ ಪರಿಚಯಗಳ ಸಂತೆ.

ನಮ್ಮ ನೆರೆಯವರೂ ಇದನ್ನೇ ಮಾಡಿದರು. ಧೋಬಿತಲಾವ್ ಕಡೆ ಗೋವೆಯ ಕ್ರೈಸ್ತರ ‘ಕೂಡ್’ಗಳನ್ನು ತಾವು ನೋಡಿರಬಹುದು. ಒಂದೊಂದು ಊರಿಗೆ ಒಂದೊಂದು ಕೂಡ್. ಹಡಗಿನ ಕೆಲಸಕ್ಕೆ ಹೋಗುವವರು, ಹಡಗಿನಿಂದ ಇಳಿದವರು ಅತ್ಯಲ್ಪ ಬಾಡಿಗೆಗೆ ತಂಗುವ ಜಾಗ. ಒಂದು ಪೆಟ್ಟಿಗೆ ಇಡಲು ಸ್ಥಳ, ಗೋಡೆಗೊಂದು ಪೂಜಾಪೀಠ, ಸಂಜೆಯಾದರೆ ಎಲ್ಲರೂ ಸೇರಿ ಪ್ರಾರ್ಥನೆ. ಗಿರಣಗಾಂವ್‌ನಲ್ಲಿ ಕೊಂಕಣದ ಹಳ್ಳಿಗಳ ಗಂಡಸರು ಊರಿನ ಹೆಸರಿನಲ್ಲಿಯೇ ಖೋಲಿ ಹಿಡಿದು, ಪಾಳಿಯ ಮೇಲೆ ಮಲಗಿ, ಖಾನಾವಳಿಯಲ್ಲಿ ಉಣ್ಣುತ್ತಿದ್ದರು. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಅವರ ಕೈಯಲ್ಲಿ ಉಳಿತಾಯವೆಂಬುದು ಎಷ್ಟಿತ್ತು? ವರ್ಷಕ್ಕೂ ಮಿಕ್ಕಿದ ಆ ಹೋರಾಟದಲ್ಲಿ ಅವರನ್ನು ಬದುಕಿಸಿದ್ದು ಅಂಗಡಿಯವನ ಉದ್ರಿ, ಖಾನಾವಳಿಯ ತಾಯಿಯ ತಾಳ್ಮೆ, ಊರಿನ ಗದ್ದೆಯ ಅಕ್ಕಿ. ಯಾವ ಬ್ಯಾಂಕಿನ ಖಾತೆಯಲ್ಲಿಯೂ ಕಾಣದ ಬಂಡವಾಳ ಅದು.

ಹಳೆಯ ಚಾಳನ್ನು ನಾನು ಸ್ವರ್ಗವೆಂದು ಹೇಳುತ್ತಿಲ್ಲ. ಈಚೆಗೆ ಚಾಳುಗಳ ಬಗ್ಗೆ ಅಲ್ಲಿಂದ ಹೊರಬಂದವರೇ ಹೆಚ್ಚು ಹಂಬಲಿಸುತ್ತಿರುವುದು ನನಗೆ ಸೋಜಿಗವೆನಿಸುತ್ತದೆ. ಅಲ್ಲಿಯ ಒಂದೇ ಓಣಿಯಲ್ಲಿ ಇಪ್ಪತ್ತು ಬಾಗಿಲು, ಇಪ್ಪತ್ತು ಜೊತೆ ಕಣ್ಣು. ಸಂಘದ ಜಾಮೀನು ಸಿಗುತ್ತಿದ್ದದ್ದು ಆ ಜಾತಿಯವನಿಗೆ, ಆ ಊರಿನವನಿಗೆ. ಮೇಲೆ ಹೇಳಿದ ದರ್ಜಿ ಯಾರ ಪಟ್ಟಿಯಲ್ಲಿಯೂ ಸೇರದವನಾಗಿದ್ದ. ಮದುವೆಯಾಗಿ ಊರಿನಿಂದ ಬಂದ ನಮ್ಮ ತಾಯಂದಿರು ಹಿಂದಿ ಬಾರದೆ, ಮರಾಠಿ ಬಾರದೆ, ನಲ್ಲಿಯ ಸಾಲಿನಲ್ಲಿ ನಿಂತು ನಗೆಯಿಂದಲೇ ವ್ಯವಹಾರ ನಡೆಸಿದ ವರ್ಷಗಳ ಲೆಕ್ಕವನ್ನು ಯಾವ ಸಂಘದ ಸುವರ್ಣ ಮಹೋತ್ಸವ ಸಂಚಿಕೆಯೂ ಬರೆದಿಲ್ಲ. ಗಂಡಸರಿಗೆ ಸಂಘವಿತ್ತು, ಅವರಿಗೆ ಸಂಘದ ಅರಿಸಿನ ಕುಂಕುಮದ ದಿನ ಮಾತ್ರ ಇತ್ತು.

ಆದರೂ ನೆರೆಹೊರೆ ಎಂಬುದು ಜೀವ ಉಳಿಸುವ ಸಂಗತಿ ಎಂಬುದಕ್ಕೆ ಒಂದು ಖಚಿತ ನಿದರ್ಶನವಿದೆ. ಅದು ಬಹಳ ದೂರದ ಊರಿನದು. 1995ರ ಜುಲೈನಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಕೆಲವು ದಿನ ವಿಪರೀತ ಸೆಖೆಯಾಯಿತು. ಆ ವಾರ ಮಾಮೂಲಿಗಿಂತ 739 ಜನ ಹೆಚ್ಚು ಸತ್ತರು. ಎರಿಕ್ ಕ್ಲಿನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ಈ ಸಾವುಗಳನ್ನು ಬೆನ್ನಟ್ಟಿ 2002ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ನಾರ್ತ್ ಲಾನ್‌ಡೇಲ್, ಸೌತ್ ಲಾನ್‌ಡೇಲ್ ಎಂಬ ಅಕ್ಕಪಕ್ಕದ ಎರಡು ಪೇಟೆಗಳು, ಒಂದೇ ಬಿಸಿಲು, ಎರಡರಲ್ಲಿಯೂ ಒಂಟಿಯಾಗಿ ಬದುಕುವ ಬಡ ಮುದುಕರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದರಲ್ಲಿ ಸಾವಿನ ಪ್ರಮಾಣ ಎರಡನೆಯದಕ್ಕಿಂತ ಸುಮಾರು ಹತ್ತು ಪಟ್ಟು. ಕಾರಖಾನೆಗಳು ಮುಚ್ಚಿ, ಅಂಗಡಿಗಳು ಹೋಗಿ, ಪಾಳು ನಿವೇಶನಗಳು ಉಳಿದಿದ್ದ ಪೇಟೆಯಲ್ಲಿ ಮುದುಕರು ಹೆದರಿ ಬಾಗಿಲು ಹಾಕಿಕೊಂಡೇ ಬೆಂದುಹೋದರು. ಇನ್ನೊಂದರಲ್ಲಿ ಬೀದಿಯ ತುಂಬ ಅಂಗಡಿ, ಜನ, ಗದ್ದಲ. ಮುದುಕರು ಹೊರಗೆ ಬಂದು ಅಂಗಡಿಯ ತಂಪಿನಲ್ಲಿ ನಿಂತು ಜೀವ ಉಳಿಸಿಕೊಂಡರು. ಅವರೂ ಮನೆಯಲ್ಲಿ ಒಬ್ಬರೇ ಇದ್ದವರು. ಒಬ್ಬರೇ ಇರುವುದು ಅಪಾಯವಲ್ಲ, ಹೊರಗೆ ಕಾಲಿಡಲು ಒಂದು ಬೀದಿ ಇಲ್ಲದಿರುವುದು ಅಪಾಯ ಎಂದು ಇದರಿಂದ ನಾನು ಗ್ರಹಿಸಿದ್ದೇನೆ. ನಮ್ಮ ಉಪನಗರಗಳಲ್ಲಿ ಹಳೆಯ ಕಟ್ಟಡಗಳನ್ನು ಕೆಡವಿ ಗೋಪುರಗಳನ್ನು ಎಬ್ಬಿಸುವಾಗ ನೆಲಮಾಳಿಗೆಯಲ್ಲಿ ಮೂರು ಅಂತಸ್ತು ಕಾರುಗಳಿಗೆ, ಮುಂದುಗಡೆ ಕಾವಲುಗಾರನಿಗೆ ಜಾಗ ಬಿಡುತ್ತಾರೆ. ಕಟ್ಟೆಯ ಮೇಲೆ ಕೂರುವ ಜಾಗ ನಕಾಶೆಯಲ್ಲಿಯೇ ಇರುವುದಿಲ್ಲ.

ಬ್ಯಾಂಕುಗಳೂ ಕಟ್ಟೆಯನ್ನು ತೆಗೆದವು. 1987ರಲ್ಲಿ ದೇಶದ ಮೊದಲ ಎಟಿಎಂ ಬಂದದ್ದು ಈ ಮುಂಬಯಿಗೇ. ಸಾಲಿನಲ್ಲಿ ನಿಲ್ಲುವ ಕಷ್ಟ ತಪ್ಪಿತು, ಸಾಲೂ ತಪ್ಪಿತು. ಪ್ರತಿ ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡಲು ಪಿಂಚಣಿದಾರರು ಶಾಖೆಗೆ ಬರುತ್ತಿದ್ದರು. ಇನ್ನೂ ಇದ್ದೀರಾ ಎಂದು ಒಬ್ಬರು ಇನ್ನೊಬ್ಬರನ್ನು ಕೇಳಿ ನಗುತ್ತಿದ್ದರು. ಬರಬೇಕಾಗಿದ್ದ ಒಬ್ಬರು ಬಾರದಿದ್ದರೆ ಕೇಳುವವರೂ ಇರುತ್ತಿದ್ದರು. ಈಗ ಮೊಬೈಲಿನ ಎದುರು ಮುಖ ತೋರಿಸಿದರೆ ಸಾಕು. ಹಾಸಿಗೆ ಹಿಡಿದವರಿಗೆ ಇದು ದೊಡ್ಡ ಉಪಕಾರ, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಯಂತ್ರ ನೋಡುವುದು ಬದುಕಿದ್ದಾರೋ ಇಲ್ಲವೋ ಎಂಬುದನ್ನು, ಹೇಗಿದ್ದಾರೆ ಎಂಬುದನ್ನಲ್ಲ.

ಜಾಮೀನಿನ ಗತಿ ಇನ್ನೂ ವಿಚಿತ್ರ. ಮೊಬೈಲಿನಲ್ಲಿ ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳು ಬಂದಾಗ, ಜಾಮೀನು ಸಿಗದೆ ಅಲೆದವರು ನಿಟ್ಟುಸಿರು ಬಿಟ್ಟರು. ಅವುಗಳಲ್ಲಿ ಹಲವು ಆ್ಯಪ್‌ಗಳು ಸಾಲಗಾರನ ಫೋನಿನಲ್ಲಿದ್ದ ಎಲ್ಲ ಹೆಸರುಗಳನ್ನು ನಕಲು ಮಾಡಿಕೊಂಡು, ಕಂತು ತಪ್ಪಿದೊಡನೆ ಅವನ ಬಂಧುಮಿತ್ರರಿಗೆಲ್ಲ ಕರೆ ಮಾಡಿ ಅವನ ಮಾನ ಕಳೆದವು. ಅದನ್ನು ತಾಳಲಾರದೆ ಪ್ರಾಣ ಬಿಟ್ಟವರಿದ್ದಾರೆ. 2022ರಲ್ಲಿ ರಿಸರ್ವ್ ಬ್ಯಾಂಕ್ ಫೋನಿನ ವಿಳಾಸಪಟ್ಟಿಗೆ ಕೈಹಾಕಕೂಡದೆಂದು ನಿಯಮ ಮಾಡಿತು. ಹಿಂದೆ ನಮ್ಮವರು ನಮಗಾಗಿ ಸಹಿ ಹಾಕುತ್ತಿದ್ದರು; ಇಲ್ಲಿ ನಮ್ಮವರನ್ನೇ ನಮಗೆ ತಿಳಿಯದಂತೆ ಅಡವಿಡಲಾಗುತ್ತಿತ್ತು.

ಒಂಟಿತನವನ್ನೇ ಬಂಡವಾಳ ಮಾಡಿಕೊಂಡ ಮತ್ತೊಂದು ಧಂಧೆಯನ್ನು ತಾವೆಲ್ಲ ಬಲ್ಲಿರಿ. ಪೊಲೀಸರೆಂದೋ ಸಿಬಿಐ ಎಂದೋ ಹೇಳಿಕೊಂಡು ವಿಡಿಯೋ ಕರೆಯಲ್ಲಿ ಬರುವ ಠಕ್ಕರು ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಹಣ ಕಸಿಯುತ್ತಾರೆ. 2024ರ ಒಂದೇ ವರ್ಷದಲ್ಲಿ ಈ ಬಗೆಯ ವಂಚನೆಗಳ ಬಗ್ಗೆ 1.23 ಲಕ್ಷ ದೂರುಗಳು ದಾಖಲಾದವು, ಹೋದ ಹಣ ಸುಮಾರು 1,935 ಕೋಟಿ ರೂಪಾಯಿ. ಅಂಥ ಬಂಧನ ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲ. ಆದರೆ ಠಕ್ಕನ ಮೊದಲ ಆಜ್ಞೆ ಏನೆಂಬುದನ್ನು ಗಮನಿಸಿ: ಕೋಣೆಯ ಬಾಗಿಲು ಹಾಕಿಕೊಳ್ಳಿ, ಯಾರಿಗೂ ಹೇಳಬೇಡಿ, ಕರೆಯನ್ನು ಕತ್ತರಿಸಬೇಡಿ. ಮನೆಯಲ್ಲಿ ಇನ್ನೊಬ್ಬರಿದ್ದರೆ, ಪಕ್ಕದ ಮನೆಯ ಹೆಂಗಸು ಮೊಸರಿಗೆ ಹೆಪ್ಪು ಕೇಳಲು ಬಾಗಿಲು ತಟ್ಟಿದರೆ, ಆ ನಾಟಕ ಅರ್ಧ ಗಂಟೆಯೂ ನಡೆಯದು. ಓದಿದವರು, ದೊಡ್ಡ ಹುದ್ದೆಯಲ್ಲಿದ್ದವರು ಹೇಗೆ ಮೋಸಹೋದರು ಎಂದು ಜನ ನಗುತ್ತಾರೆ. ದಿನಗಟ್ಟಲೆ ಯಾರೂ ಮಾತನಾಡಿಸದ ಮನುಷ್ಯನಿಗೆ ಗದರಿಸುವ ಧ್ವನಿಯೂ ಒಂದು ಧ್ವನಿಯೇ ಎಂಬುದು ನಗುವವರಿಗೆ ಗೊತ್ತಿಲ್ಲ. 1930ಕ್ಕೆ ಫೋನು ಮಾಡಿ ದೂರು ಕೊಡಬಹುದೆಂಬುದನ್ನು ತಮ್ಮ ಮನೆಯ ಹಿರಿಯರಿಗೆ ದಯವಿಟ್ಟು ತಿಳಿಸಿ.

ಇನ್ನೊಂದು ಅಂಕೆ. 2024ರ ಮಾರ್ಚ್ ಕೊನೆಗೆ ಹತ್ತು ವರ್ಷ ಯಾರೂ ಕೇಳದೆ ರಿಸರ್ವ್ ಬ್ಯಾಂಕಿನ ನಿಧಿಗೆ ಸೇರಿದ್ದ ಠೇವಣಿಗಳ ಮೊತ್ತ 78,213 ಕೋಟಿ ರೂಪಾಯಿ. ಅದೆಲ್ಲ ಒಂಟಿ ಜೀವಿಗಳದ್ದೆಂದು ಹೇಳಿದರೆ ತಪ್ಪಾದೀತು. ಮರೆತ ಖಾತೆ, ಮುಚ್ಚಿದ ಅಂಗಡಿಯ ಖಾತೆ, ಎಲ್ಲವೂ ಅದರಲ್ಲಿವೆ. ಆದರೂ ನಾಮನಿರ್ದೇಶನದ ಜಾಗದಲ್ಲಿ ಗೆರೆ ಎಳೆದು ಹಿಂತಿರುಗಿಸಿದ ಅರ್ಜಿಗಳನ್ನು ನಾನು ಕಂಡಿದ್ದೇನೆ. ಬರೆಯಿರಿ ಎಂದರೆ, ಯಾರ ಹೆಸರು ಬರೆಯಲಿ, ನೀವೇ ಹೇಳಿ ಎಂದ ಒಬ್ಬ ಹೆಂಗಸಿನ ಧ್ವನಿ ಇನ್ನೂ ಕಿವಿಯಲ್ಲಿದೆ. ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದು ಮೂವರು ತಮ್ಮಂದಿರನ್ನು ಓದಿಸಿದವರು ಅವರು. 2025ರ ನವೆಂಬರಿನಿಂದ ಒಂದು ಖಾತೆಗೆ ನಾಲ್ವರ ಹೆಸರು ಬರೆಯಲು ಕಾನೂನು ಅವಕಾಶ ಕೊಟ್ಟಿದೆ.

ನಮ್ಮ ಸಂಘದ ಸದಸ್ಯರ ಪಟ್ಟಿಯನ್ನು ತೆರೆದು ನೋಡಿದರೆ ಮಕ್ಕಳು ಬೆಂಗಳೂರಿನಲ್ಲಿ, ದುಬೈಯಲ್ಲಿ, ಅಮೆರಿಕದಲ್ಲಿ, ದಂಪತಿಗಳಿಬ್ಬರು ಇಲ್ಲಿ, ಕೆಲವು ಮನೆಗಳಲ್ಲಿ ಒಬ್ಬರು. ಊರಿಗೆ ಹಿಂತಿರುಗೋಣವೆಂದರೆ ಊರಿನ ಮನೆಗೆ ಬೀಗ, ಊರಿನವರಿಗೆ ಇವರು ಮುಂಬಯಿಯವರು. ಇವರ ಚಿಂತೆ ನಮಗಿದೆ, ಏಕೆಂದರೆ ಇವರು ನಾವೇ. ನನಗೆ ಹೆಚ್ಚು ಕಾಡುವುದು ಇನ್ನೊಂದು ಗುಂಪು. ನಮ್ಮವರ ಹೋಟೆಲುಗಳಲ್ಲಿ ಇಂದು ಮೇಜು ಒರೆಸುವ ಹುಡುಗ ಕುಂದಾಪುರದವನಲ್ಲ, ಕಾರ್ಕಳದವನಲ್ಲ. ಒಡಿಶಾದವನು, ಝಾರ್ಖಂಡದವನು, ಬಿಹಾರದವನು, ನೇಪಾಳದವನು. ಅವನು ಮಲಗುವುದು ನಮ್ಮ ಅಜ್ಜಂದಿರು ಮಲಗಿದ ಅದೇ ಅಟ್ಟದ ಮೇಲೆ. ಅಂದು ಅವರಿಗಿದ್ದ ರಾತ್ರಿಶಾಲೆ ಇವನಿಗಿಲ್ಲ, ಸಂಘವಿಲ್ಲ, ಮೇಳವಿಲ್ಲ. ಕೈಯಲ್ಲಿ ಒಂದು ಮೊಬೈಲು, ಅದರಲ್ಲಿ ಆ ಸಾಲದ ಆ್ಯಪ್. ಸಂಘ ಕನ್ನಡಿಗರಿಗಾಗಿ ಇರುವುದಲ್ಲವೆ ಎಂದು ಕೆಲವು ಹಿರಿಯರು ನನ್ನನ್ನು ಕೇಳಿದ್ದಾರೆ. ಹೌದು. ಆದರೆ ಅವನು ಬೆಳಗಿನಿಂದ ರಾತ್ರಿಯವರೆಗೆ ಕೇಳುವ ಭಾಷೆ ನಮ್ಮದೇ, ತಿನ್ನುವ ಅನ್ನ ನಮ್ಮದೇ, ದುಡಿಯುವುದು ನಮ್ಮ ಧಣಿಗಳಿಗೇ. ಹೊರನಾಡಿನಲ್ಲಿ ಹೊರಗಿನವನಾಗಿರುವುದು ಎಂದರೇನು ಎಂಬುದನ್ನು ನೂರು ವರ್ಷ ಕಲಿತವರು ನಾವು. ಆ ವಿದ್ಯೆಗೆ ಜಾತಿ, ಭಾಷೆಯ ಗಡಿ ಹಾಕುವುದಾದರೆ ನಮ್ಮನ್ನು ಹೊರಗಿನವರೆಂದು ಕರೆದವರ ಮೇಲೆ ನಾವು ಹೊರಿಸುತ್ತ ಬಂದ ದೂರಿಗೆ ಏನು ಅರ್ಥ?

ಈ ಸಭಾಗೃಹ ಶನಿವಾರ, ಭಾನುವಾರ ಮದುವೆ, ನಾಟಕ, ಸನ್ಮಾನಗಳಿಗೆ ತುಂಬಿರುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಬೀಗ. ವಾರಕ್ಕೆ ಎರಡು ಮಧ್ಯಾಹ್ನ ಬಾಗಿಲು ತೆರೆದು, ಎರಡು ದಿನಪತ್ರಿಕೆ, ಒಂದು ಕೇರಂ ಹಲಗೆ, ಚಹಾ ಇಡಬಹುದು. ಬ್ಯಾಂಕಿನ ನಾಮನಿರ್ದೇಶನ, ಪಿಂಚಣಿ, ಮೊಬೈಲಿನ ಮೋಸ, ಇವುಗಳಲ್ಲಿ ಸಂಶಯವಿದ್ದವರು ಕಾಗದ ಹಿಡಿದು ಬರಲಿ. ಹೋಟೆಲುಗಳಲ್ಲಿ ಮಧ್ಯಾಹ್ನ ಮೂರರಿಂದ ಐದರವರೆಗೆ ಕೆಲಸ ಸಡಿಲ. ಧಣಿಗಳು ಮನಸ್ಸು ಮಾಡಿದರೆ ಹುಡುಗರನ್ನು ಆಗ ಕಳುಹಿಸಬಹುದು. ಅವರಿಗೆ ಖಾತೆ ತೆರೆಯುವುದು, ಊರಿಗೆ ಹಣ ಕಳುಹಿಸುವುದು, ಯಾವ ಸಾಲ ತೆಗೆದುಕೊಳ್ಳಬಾರದು ಎಂಬುದನ್ನು ಹೇಳಿಕೊಡಲು ನಮ್ಮಲ್ಲಿ ನಿವೃತ್ತ ಬ್ಯಾಂಕಿನವರಿಗೇನೂ ಬರವಿಲ್ಲ. ವಿದ್ಯುತ್ ಬಿಲ್ಲು ಹೆಚ್ಚುತ್ತದೆಂದು ಕೋಶಾಧಿಕಾರಿಗಳು ಈಗಾಗಲೇ ಹುಬ್ಬು ಗಂಟಿಕ್ಕಿದ್ದಾರೆ. ಫ್ಯಾನುಗಳಷ್ಟೇ ಸಾಕು, ಎಸಿ ಬೇಡ. ಮಂಗಳವಾರ ಮತ್ತು ಗುರುವಾರ ಬೀಗದ ಕೈ ಹಿಡಿದು ಕೂರಲು ನಾನು ಸಿದ್ಧ. ಇನ್ನಿಬ್ಬರು ಬೇಕು. ಹೆಸರು ಕೊಡುವವರು ಸಭೆ ಮುಗಿದ ಮೇಲೆ ಇಲ್ಲಿಯೇ ಇರುತ್ತೇನೆ, ಬಂದು ಹೇಳಿ.